ಥಾಯ್ ಅತ್ತೆಮನೆಯ ಊರಲ್ಲಿ ಜಮೀನು: ಮೊದಲು ಚನೋಟ್‌ನ ಹಿಂಬದಿ ನೋಡಿ, ಆಮೇಲೆ ದುಡ್ಡು ಬಿಚ್ಚಿ

ನಮಸ್ಕಾರ. ಥಾಯ್ಲೆಂಡ್‌ನ ಹೆಣ್ಣುಮಗಳನ್ನ ಮದುವೆಯಾದ ವಿದೇಶಿ ಗಂಡ, ಆಕೆಯ ಊರಲ್ಲಿ ಒಂದಿಷ್ಟು ಜಮೀನು, ಅದರ ಮೇಲೊಂದು ಮನೆ. ಈ ಮಾತು ಬಂದ ಕೂಡಲೇ ಕೇಳೋರು ಎರಡು ಪಕ್ಷ ಆಗ್ತಾರೆ. ಆ ಕಡೆಯವರು ದುಡ್ಡಿಗಾಗೇ ಕಾದು ಕೂತವರು ಅನ್ನೋದು ಒಂದು ಪಕ್ಷ. ಸಂಬಂಧ ಚೆನ್ನಾಗಿದ್ದ ಮೇಲೆ ಕಾಗದ ಪತ್ರ ಯಾಕೆ ಅನ್ನೋದು ಇನ್ನೊಂದು. ಎರಡನ್ನೂ ನಾನು ಒಪ್ಪೋದಿಲ್ಲ. ಕೊಟ್ಟ ದುಡ್ಡು ಉಡುಗೊರೆಯೋ, ಸಾಲವೋ, ಬದುಕಿರೋ ತನಕ ಅಲ್ಲಿ ಇರೋ ಹಕ್ಕಿಗೆ ಕೊಟ್ಟ ಬೆಲೆಯೋ ಅಂತ ಯಾರೂ ಬಾಯಿಬಿಟ್ಟು ಮಾತಾಡದೇ ಇರೋದೇ ಈ ಜಗಳಗಳ ಬೇರು. ಮಾತಾಡಿದ ಮೇಲೆ ಅದನ್ನ ಭೂ ಕಚೇರಿಯಲ್ಲಿ, ಚನೋಟ್ ಅನ್ನೋ ಹಕ್ಕುಪತ್ರದ ಹಿಂಬದಿಯಲ್ಲಿ ಬರೆಸಬೇಕು. ಅಲ್ಲಿ ಬರೆಸದೇ ಇದ್ದದ್ದು ಮನೆಯೊಳಗಿನ ಮಾತಾಗೇ ಉಳಿಯುತ್ತೆ.

ಕಾನೂನು ನೋಡೋಣ. 1954ರ ಥಾಯ್ ಭೂ ಸಂಹಿತೆ ಪ್ರಕಾರ ವಿದೇಶಿಯರು ಅಲ್ಲಿ ಸಾಮಾನ್ಯವಾಗಿ ಜಮೀನಿನ ಒಡೆಯರಾಗೋಕೆ ಆಗಲ್ಲ. ನಾಲ್ಕು ಕೋಟಿ ಬಾತ್ ಹೂಡಿಕೆ ಮಾಡಿದರೆ ವಾಸಕ್ಕೆ ಒಂದು ರೈ (ಸುಮಾರು ಹದಿನಾರು ಗುಂಟೆ) ಕೊಡೋ ಅವಕಾಶ ಇದೆ, ಆದರೆ ಅದು ಹಳ್ಳಿ ಜಮೀನಿನ ದಾರಿ ಅಲ್ಲ. ಥಾಯ್ ಹೆಂಡತಿ ಮಾತ್ರ ತನ್ನ ಹೆಸರಲ್ಲಿ ಕೊಳ್ಳಬಹುದು. ವಿದೇಶಿಯನ್ನ ಮದುವೆಯಾದ ಹೆಂಗಸರಿಗೆ ಇದ್ದ ತೊಡಕು 1999ರಲ್ಲಿ ಸಡಿಲವಾಯ್ತು, ಆದರೆ ಒಂದು ಷರತ್ತಿನ ಮೇಲೆ. ನೋಂದಣಿ ದಿನ ಗಂಡನೂ ಬಂದು, ಈ ದುಡ್ಡು ಪೂರ್ತಿ ಹೆಂಡತಿಯ ಸ್ವಂತದ್ದು, ನನಗೆ ಇದರಲ್ಲಿ ಪಾಲಿಲ್ಲ ಅಂತ ಬರೆದು ಸಹಿ ಹಾಕಬೇಕು. ಸ್ವಂತ ಆಸ್ತಿಗೆ ಅಲ್ಲಿ ಸಿನ್ ಸುವಾನ್ ತುವಾ ಅಂತಾರೆ, ದಂಪತಿಯ ಜಂಟಿ ಆಸ್ತಿಗೆ ಸಿನ್ ಸೋಮ್ರೋಟ್. ವಿಚ್ಛೇದನ ಆದರೆ ಜಂಟಿ ಆಸ್ತಿ ಅರ್ಧರ್ಧ ಹಂಚಿಕೆ ಆಗುತ್ತೆ. ಸ್ವಂತ ಆಸ್ತಿ ಅಂತ ಸಹಿ ಹಾಕಿ ಕೊಟ್ಟ ಜಮೀನಿನ ಮೇಲೆ ಆಮೇಲೆ ಹಕ್ಕು ಸಾಧಿಸೋಕೆ ಹೋದರೆ, ಎದುರಿಗೆ ನಿಲ್ಲೋದು ನಿಮ್ಮದೇ ಸಹಿ. ಹಾಗಾಗಿ ಜಮೀನಿಗೆ ಅಂತ ಕೊಟ್ಟ ದುಡ್ಡನ್ನ ಕೊಟ್ಟ ದಿನವೇ ಉಡುಗೊರೆ ಅಂತ ಲೆಕ್ಕ ಬರೆದುಬಿಡಿ. ಅಷ್ಟು ಕೊಡೋಕೆ ಮನಸ್ಸು ಒಪ್ಪದಿದ್ದರೆ ಮೊತ್ತ ಇಳಿಸಿ.

ಇದನ್ನ ತಪ್ಪಿಸೋಕೆ ಕಂಪನಿ ತೆರೆದು, ಶೇ 51 ಷೇರು ಯಾರೋ ಪರಿಚಯದ ಥಾಯ್ ಜನರ ಹೆಸರಿಗೆ ಹಾಕಿ ಜಮೀನು ಕೊಳ್ಳೋ ಸಲಹೆ ಕೊಡೋರು ಇದ್ದಾರೆ. ಬೇನಾಮಿ ಅಂತ ಸಾಬೀತಾದರೆ ಹೆಸರು ಕೊಟ್ಟವರಿಗೆ ಎರಡು ವರ್ಷದವರೆಗೆ ಜೈಲು ಆಗಬಹುದು, ಜಮೀನು ಗಡುವಿನೊಳಗೆ ಮಾರಬೇಕಾಗುತ್ತೆ. ನಾದಿನಿಯನ್ನೋ ಭಾವಮೈದನನ್ನೋ ಆ ಅಪಾಯಕ್ಕೆ ತಳ್ಳೋದು ಸರಿಯಲ್ಲ.

ಈಗ ಕಾಗದಕ್ಕೆ ಬರೋಣ. ಹಳ್ಳಿಯಲ್ಲಿ "ಪತ್ರ ಇದೆ" ಅಂದರೆ ಯಾವ ಪತ್ರ ಅಂತ ಕೇಳಿ. ಗಟ್ಟಿಯಾದದ್ದು ಚನೋಟ್, ಮೇಲೆ ಕೆಂಪು ಗರುಡ ಇರುತ್ತೆ, ಸರಿಯಾದ ಸರ್ವೆ ಆಗಿರುತ್ತೆ, ಮೂಲೆಗಳಲ್ಲಿ ನಂಬರ್ ಇರೋ ಕಾಂಕ್ರೀಟ್ ಕಲ್ಲು ನೆಟ್ಟಿರುತ್ತಾರೆ. ಹಸಿರು ಗರುಡದ ನೋ ಸೋ ಸಾಮ್ ಗೋ ಕೂಡ ಮಾರಾಟಕ್ಕೆ, ನೋಂದಣಿಗೆ ನಡೆಯುತ್ತೆ. ಪೋ ಬೋ ತೋ ಹಾ ಅನ್ನೋದು ನಮ್ಮ ಕಡೆಯ ಕಂದಾಯ ರಸೀದಿ ಇದ್ದ ಹಾಗೆ, ಹಿಂದೆ ತೆರಿಗೆ ಕಟ್ಟಿದ್ದಕ್ಕೆ ಗುರುತು ಅಷ್ಟೇ, ಒಡೆತನ ಅಲ್ಲ. ಹೆಚ್ಚು ಜನ ಎಡವೋದು ಸೋ ಪೋ ಕೋದಲ್ಲಿ. ಅದು ಭೂಸುಧಾರಣೆಯಲ್ಲಿ ಬಡ ರೈತರಿಗೆ ಉಳೋಕೆ ಅಂತ ಸರ್ಕಾರ ಕೊಟ್ಟ ಜಮೀನು. ವಾರಸುದಾರರಿಗೆ ಹೋಗಬಹುದು, ಹೊರಗಿನವರಿಗೆ ಮಾರೋಹಾಗಿಲ್ಲ. ಅದಕ್ಕೇ ಅಗ್ಗ. 2024ರಲ್ಲಿ ಸರ್ಕಾರ ಇದನ್ನೇ ಕೃಷಿ ಚನೋಟ್ ಅನ್ನೋ ಪತ್ರವಾಗಿ ಬದಲಾಯಿಸಿ ಕೊಡೋಕೆ ಶುರು ಮಾಡಿತು. ಹೆಸರಲ್ಲಿ ಚನೋಟ್ ಅಂತ ಇದೆ ಅಂದ ಮಾತ್ರಕ್ಕೆ ಮನೆ ಕಟ್ಟಿಸಿ ಕೂರೋ ಜಮೀನು ಅಂದುಕೊಳ್ಳಬೇಡಿ.

ಅಳತೆ ಒಂದು ನಿಮಿಷ ನೋಡಿ. ಚನೋಟ್‌ನಲ್ಲಿ 2-3-50 ಅಂತ ಇದ್ದರೆ ಎರಡು ರೈ, ಮೂರು ಙಾನ್, ಐವತ್ತು ಚದರ ವಾ. ಒಂದು ರೈಗೆ ನಾಲ್ಕು ಙಾನ್, ಒಂದು ಙಾನ್‌ಗೆ ನೂರು ಚದರ ವಾ, ಒಂದು ಚದರ ವಾ ಅಂದರೆ ನಾಲ್ಕು ಚದರ ಮೀಟರ್. ಹಾಗೆ ಲೆಕ್ಕ ಹಾಕಿದರೆ ಇದು 4,600 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಒಂದು ಎಕರೆ ಐದೂವರೆ ಗುಂಟೆ. ಒಂದು ರೈ ಸುಮಾರು ಹದಿನಾರು ಗುಂಟೆ ಅಂತ ನೆನಪಿಟ್ಟುಕೊಂಡರೆ ಸಾಕು. ಬೆಲೆಯನ್ನ ಒಬ್ಬರು ರೈಗೆ ಹೇಳ್ತಾರೆ, ಇನ್ನೊಬ್ಬರು ವಾಗೆ ಹೇಳ್ತಾರೆ, ಯಾವುದಕ್ಕೆ ಅಂತ ಕೇಳಿಯೇ ಮುಂದುವರಿಯಿರಿ.

ಆಮೇಲೆ ಹಿಂಬದಿ ತಿರುಗಿಸಿ. ಚನೋಟ್‌ನ ಹಿಂದೆ ಒಂದು ಪಟ್ಟಿ ಇರುತ್ತೆ. ಯಾವ ದಿನ, ಎಂಥ ವ್ಯವಹಾರ, ಕೊಟ್ಟವರು ಯಾರು, ಪಡೆದವರು ಯಾರು, ಅಧಿಕಾರಿಯ ಸಹಿ, ಮೊಹರು. ಮಾರಾಟ, ದಾನ, ಅಡಮಾನ ಎಲ್ಲ ಅಲ್ಲೇ ಸಾಲಾಗಿ ಬರುತ್ತೆ. ಫೋನಿನಲ್ಲಿ ಕಳಿಸಿದ ಫೋಟೋ ನಂಬಬೇಡಿ. ಒಡೆಯರ ಜೊತೆ ಭೂ ಕಚೇರಿಗೆ ಹೋಗಿ, ಅಲ್ಲಿರೋ ಕಚೇರಿಯ ಪ್ರತಿಯ ಜೊತೆ ತಾಳೆ ನೋಡಿ. ಆ ಪಟ್ಟಿಯ ಕೊನೆಯ ಸಾಲಿನಲ್ಲಿ ಎರಡು ವಿಷಯ ಹುಡುಕಬೇಕು.

ಒಂದು, ಅಡಮಾನ. ಇಸಾನ್ ಕಡೆಯ, ಅಂದರೆ ಈಶಾನ್ಯ ಥಾಯ್ಲೆಂಡಿನ, ರೈತರು ಗೊಬ್ಬರಕ್ಕೆ, ಮಕ್ಕಳ ಓದಿಗೆ ಥೋ ಕೋ ಸೋದಲ್ಲಿ, ಅಂದರೆ ಸರ್ಕಾರಿ ಕೃಷಿ ಬ್ಯಾಂಕಿನಲ್ಲಿ, ಸಾಲ ತೆಗೆಯೋದು ಮಾಮೂಲು. ಅದರಲ್ಲಿ ನಾಚಿಕೆಪಡೋದೇನೂ ಇಲ್ಲ. ಆದರೆ ಆ ಜಮೀನಿನ ಮೇಲೆ ನೀವು ಮನೆ ಕಟ್ಟಿಸಿದರೆ, ಸಾಲ ತೀರದಿದ್ದಾಗ ಬ್ಯಾಂಕಿನ ಹಕ್ಕೇ ಮೊದಲು ಬರುತ್ತೆ. ಇನ್ನೊಂದು, ಖಾಯ್ ಫಾಕ್. ಬಿಡಿಸಿಕೊಳ್ಳೋ ಷರತ್ತಿನ ಮಾರಾಟ ಇದು. ನೋಂದಣಿಯಾದ ಕ್ಷಣವೇ ಒಡೆತನ ಸಾಲ ಕೊಟ್ಟವನಿಗೆ ಹೋಗಿರುತ್ತೆ, ಗಡುವಿನೊಳಗೆ ದುಡ್ಡು ಕಟ್ಟಿದರೆ ಮಾತ್ರ ವಾಪಸ್. ಕೃಷಿ ಮತ್ತು ವಾಸದ ಜಮೀನಿಗೆ ಕನಿಷ್ಠ ಒಂದು ವರ್ಷ, ಗರಿಷ್ಠ ಹತ್ತು ವರ್ಷ ಗಡುವು ಇರಬೇಕು, ಸಾಲ ಕೊಟ್ಟವನ ಲಾಭ ವರ್ಷಕ್ಕೆ ಶೇ 15 ಮೀರಬಾರದು ಅಂತ 2019ರ ಕಾಯ್ದೆ ಹೇಳುತ್ತೆ. ಆ ಗಡುವು ದಾಟಿದರೆ ಜಮೀನು ಹೋಯ್ತು.

ಅತ್ತೆ-ಮಾವನ ಜಮೀನು ಬಿಡಿಸೋಕೆ ಸಹಾಯ ಮಾಡಬೇಕು ಅಂತ ಅನ್ನಿಸಿದರೆ ಮಾಡಿ, ಅದು ಒಳ್ಳೆ ಕೆಲಸ. ಆದರೆ ದುಡ್ಡನ್ನ ಕೈಗೆ ಕೊಡಬೇಡಿ. ಬ್ಯಾಂಕಿಗೆ ನೇರವಾಗಿ ಕಟ್ಟಿ, ಬಿಡುಗಡೆ ಪತ್ರ ತಗೊಂಡು ಭೂ ಕಚೇರಿಗೆ ಹೋಗಿ, ಅಡಮಾನ ರದ್ದಾಗಿದ್ದು ಚನೋಟ್‌ನ ಹಿಂದೆ ದಾಖಲಾಗೋ ತನಕ ಅಲ್ಲೇ ಇರಿ. ನಿಮ್ಮ ಹಕ್ಕನ್ನ ಬರೆಸೋದು ಅದೇ ದಿನ, ಅದೇ ಕೌಂಟರಿನಲ್ಲಿ. ಅಡಮಾನ ಇರುವಾಗಲೇ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಬರೆಸಿದ ಹಕ್ಕು, ಹರಾಜಿನ ಹೊತ್ತಿಗೆ ಅಳಿಸಿ ಹೋಗಬಹುದು.

ಆ ಹಕ್ಕು ಯಾವುದು? ನನ್ನ ಆಯ್ಕೆ ಸಿತ್ತಿ ಕೆಪ್ ಕಿನ್, ಅಂದರೆ ಜೀವಮಾನದ ಅನುಭೋಗ ಹಕ್ಕು. ಒಡೆತನ ಅವರದ್ದು, ವಾಸ ಮತ್ತು ಫಲ ನಿಮ್ಮದು. ಚನೋಟ್‌ನ ಹಿಂದೆ ನಿಮ್ಮ ಹೆಸರು ಬರುತ್ತೆ, ಜಮೀನು ಮಾರಿದರೂ ಕೊಂಡವನು ಆ ಹಕ್ಕನ್ನ ಒಪ್ಪಿಕೊಂಡೇ ಇರಬೇಕು. ದುಡ್ಡು ತಗೊಳ್ಳದೆ ಕೊಟ್ಟರೆ ನೋಂದಣಿ ಶುಲ್ಕ ತೀರಾ ಕಡಿಮೆ. ಕಟ್ಟಡವೂ ನಿಮ್ಮದೇ ಆಗಬೇಕು ಅಂದರೆ ಸಿತ್ತಿ ನುವಾ ಫುನ್ ದಿನ್ ಅನ್ನೋ ಮೇಲ್ಮೈ ಹಕ್ಕು ಬರೆಸಿ, ಓ ಬೋ ತೋ ಅನ್ನೋ ಸ್ಥಳೀಯ ಆಡಳಿತ ಕಚೇರಿಯ ಕಟ್ಟಡ ಪರವಾನಗಿಯನ್ನ ನಿಮ್ಮ ಹೆಸರಲ್ಲೇ ತಗೊಂಡು, ಮೇಸ್ತ್ರಿಗೆ ಕೊಟ್ಟ ರಸೀದಿಗಳನ್ನ ಜೋಪಾನ ಮಾಡಿ. ಗುತ್ತಿಗೆಯೂ ಆಗುತ್ತೆ, ಮೂರು ವರ್ಷಕ್ಕಿಂತ ಹೆಚ್ಚಿನದ್ದನ್ನ ನೋಂದಾಯಿಸಲೇಬೇಕು, ಮೂವತ್ತು ವರ್ಷವೇ ಗರಿಷ್ಠ. ಮೂವತ್ತು ಮೂರಲ ತೊಂಬತ್ತು ಅಂತ ಆಸೆ ಹುಟ್ಟಿಸೋರ ಮಾತಿಗೆ ಮರುಳಾಗಬೇಡಿ. ಹಳದಿ ಥಬಿಯನ್ ಬಾನ್ ಅನ್ನೋ ಮನೆ ನೋಂದಣಿ ಪುಸ್ತಕದಲ್ಲಿ ಹೆಸರು ಬಂದರೆ ಅದು ವಿಳಾಸದ ದಾಖಲೆ, ಒಡೆತನಕ್ಕೂ ಅದಕ್ಕೂ ಸಂಬಂಧ ಇಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಗಮನಿಸಲ್ಲ. ಥಾಯ್ ಸಿವಿಲ್ ಸಂಹಿತೆಯ 1469ನೇ ಕಲಂ ಪ್ರಕಾರ ಮದುವೆಯಾದ ಮೇಲೆ ಗಂಡ ಹೆಂಡತಿ ತಮ್ಮತಮ್ಮಲ್ಲಿ ಮಾಡಿಕೊಂಡ ಆಸ್ತಿಯ ಒಪ್ಪಂದವನ್ನ ದಾಂಪತ್ಯ ಇರೋ ತನಕ ಯಾವಾಗ ಬೇಕಾದರೂ, ಮುರಿದ ಮೇಲೆ ಒಂದು ವರ್ಷದೊಳಗೂ, ಇಬ್ಬರಲ್ಲಿ ಯಾರಾದರೂ ರದ್ದು ಮಾಡಬಹುದು. ಅಂದರೆ ಹೆಂಡತಿ ಬರೆದುಕೊಟ್ಟ ಅನುಭೋಗ ಹಕ್ಕು ಸಂಬಂಧ ಕೆಟ್ಟಾಗಲೇ ಅಲುಗಾಡುತ್ತೆ. ಅದೇ ಹಕ್ಕನ್ನ ಜಮೀನಿನ ಒಡತಿಯಾದ ಅತ್ತೆ ಬರೆದುಕೊಟ್ಟರೆ ಈ ಕಲಂ ಅನ್ವಯಿಸಲ್ಲ, ಆಕೆ ತೀರಿಕೊಂಡರೂ ಹಕ್ಕು ಉಳಿಯುತ್ತೆ. ಆದ್ದರಿಂದ ಅತ್ತೆಯ ಹೆಸರಿನಲ್ಲಿರೋ ಜಮೀನಾದರೆ ಅವರಿಂದಲೇ ಬರೆಸಿಕೊಳ್ಳಿ, ಮಗಳ ಹೆಸರಿಗೆ ಬಂದಮೇಲೆ ನೋಡೋಣ ಅಂತ ಮುಂದೂಡಬೇಡಿ. ಮದುವೆಗೆ ಮುಂಚೆ ಬರೆಸಿದ್ದಕ್ಕೂ ಆ ಕಲಂ ತಾಗಲ್ಲ.

ದಾರಿ ಮರೆಯಬೇಡಿ. ಗದ್ದೆಯ ನಡುವಿನ ಜಮೀನಿಗೆ ಚಿಕ್ಕಪ್ಪನ ಹೊಲದ ಬದುವಿನ ಮೇಲೆ ಗಾಡಿ ಹೋಗುತ್ತೆ, ಯಾರೂ ಏನೂ ಅನ್ನಲ್ಲ. ಚಿಕ್ಕಪ್ಪ ತೀರಿಕೊಂಡು ಮಗ ಬೇಲಿ ಹಾಕಿದ ದಿನ ನೀವು ಕೋರ್ಟಿಗೆ ಅಲೆಯಬೇಕು. ಫಾರಾ ಚಾಮ್ ಯೋಮ್ ಅಂತ ದಾರಿಯ ಹಕ್ಕನ್ನ ಅವರ ಚನೋಟ್ ಮೇಲೂ ಮೊದಲೇ ಬರೆಸಬೇಕು.

ಭಾರತದಿಂದ ದುಡ್ಡು ಕಳಿಸೋ ಕನ್ನಡಿಗರಿಗೆ ಒಂದು ಮಾತು. ಇಲ್ಲಿನ ನಿವಾಸಿಯಾಗಿದ್ದರೆ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಮಿತಿ. ಹೆಂಡತಿಯ ಖಾತೆಗೆ ಕಳಿಸುವಾಗ ಉದ್ದೇಶದ ಜಾಗದಲ್ಲಿ ಉಡುಗೊರೆ ಅಂತಲೇ ಬರೆಯಿರಿ. ನಿಮ್ಮ ಹೆಸರಿಗೆ ಬರದ ಜಮೀನನ್ನ ಸ್ವಂತ ಆಸ್ತಿ ಖರೀದಿ ಅಂತ ತೋರಿಸೋದು ಸುಳ್ಳಾಗುತ್ತೆ.

ಈಗಾಗಲೇ ಕಾಗದ ಇಲ್ಲದೆ ಅತ್ತೆಯ ಜಾಗದಲ್ಲಿ ಮನೆ ಕಟ್ಟಿಸಿ ಇದ್ದೀರಾ? ಇನ್ನೂ ತಡವಾಗಿಲ್ಲ. ಇಸಾನ್‌ನಲ್ಲಿ ತಂದೆತಾಯಿಯನ್ನ ಕೊನೆಯತನಕ ನೋಡಿಕೊಳ್ಳೋ ಹೊಣೆ ಹೆಚ್ಚಾಗಿ ಕಿರಿಯ ಮಗಳದ್ದು, ಮನೆಯೂ ಆಕೆಗೇ ಅನ್ನೋದು ವಾಡಿಕೆ. ನಿಮ್ಮ ಹೆಂಡತಿ ಆ ಮಗಳಾಗಿದ್ದರೆ ಮಾತು ಸುಲಭ. "ಜಮೀನು ನಿಮ್ಮದೇ ಅಮ್ಮಾ, ನನಗೆ ಬೇಕಾಗಿರೋದು ಇಲ್ಲಿ ಇರೋ ಹಕ್ಕು" ಅಂತ ಹೆಂಡತಿಯ ಬಾಯಲ್ಲೇ ಹೇಳಿಸಿ, ಅತ್ತೆಯನ್ನ ಭೂ ಕಚೇರಿಗೆ ಕರೆದುಕೊಂಡು ಹೋಗಿ. ಅವರ ಗುರುತಿನ ಚೀಟಿ, ಥಬಿಯನ್ ಬಾನ್, ಅಸಲಿ ಚನೋಟ್, ಮಾವ ಇದ್ದರೆ ಅವರ ಒಪ್ಪಿಗೆ, ನಿಮ್ಮ ಪಾಸ್‌ಪೋರ್ಟ್ ಜೊತೆಗಿರಲಿ. ಅತ್ತೆ ಓಡಾಡಿಕೊಂಡು ಇರುವಾಗಲೇ ಇದು ಮುಗೀಬೇಕು. ಅವರು ತೀರಿಕೊಂಡ ಮೇಲೆ, ಉಯಿಲು ಇಲ್ಲದಿದ್ದರೆ, ಜಮೀನು ಎಲ್ಲ ಮಕ್ಕಳಿಗೂ ಸೇರುತ್ತೆ. ಬ್ಯಾಂಕಾಕಿನಲ್ಲಿ ದುಡಿಯೋ ಭಾವಮೈದನೂ ಬಂದು ಸಹಿ ಹಾಕಬೇಕು, ಅವನಿಗೂ ತನ್ನ ಪಾಲು ಕೇಳೋ ಹಕ್ಕು ಇರುತ್ತೆ.