ನಾಲ್ಕು ಆಳು, ಒಂದೇ ಕತ್ತಿ

ನಮಸ್ಕಾರ. ಕಾಸರಗೋಡಿನ ಪೆರಿಯದಲ್ಲೋ ಪೊವ್ವಲಿನಲ್ಲೋ ಕುಳಿತು ಪ್ಯಾರಲಲ್ ಪ್ರೋಗ್ರಾಮಿಂಗ್ ಕಲಿಯುವವರಿಗೆ ಇವತ್ತಿನ ಮಾತು.

ಎಂಪಿಐ (ಬೇರೆ ಬೇರೆ ಪ್ರೋಸೆಸ್‌ಗಳು ಸಂದೇಶ ಕಳಿಸಿ ಕೆಲಸ ಹಂಚಿಕೊಳ್ಳುವ ವಿಧಾನ) ಪ್ರೋಗ್ರಾಮಿಗೆ ಓಪನ್‌ಎಂಪಿ (ಒಂದೇ ಪ್ರೋಸೆಸ್ ಒಳಗೆ ಹಲವು ಥ್ರೆಡ್ ದುಡಿಯುವ ವಿಧಾನ) ಥ್ರೆಡ್ ಸೇರಿಸಿದಿರಿ, ವೇಗ ಹೆಚ್ಚುವ ಬದಲು ಇಳಿಯಿತು. ಆಗ ಎಲ್ಲರೂ ಕೋಡ್ ಕೆದಕಲು ಕೂರುತ್ತಾರೆ. ಬೇಡ, ಮೊದಲು ಬೈಂಡಿಂಗ್ ನೋಡಿ, ಅಂದರೆ ಯಾವ ಪ್ರೋಸೆಸ್ಸನ್ನು ಯಾವ ಕೋರಿಗೆ ಕಟ್ಟಿದೆ ಎಂದು.

8 ಕೋರಿನ ಯಂತ್ರ. 2 ಪ್ರೋಸೆಸ್, ತಲಾ 4 ಥ್ರೆಡ್. ಲೆಕ್ಕ ಸರಿಯೇ. ಆದರೆ ಓಪನ್ ಎಂಪಿಐ (ಇದು ಎಂಪಿಐಯ ಒಂದು ಲೈಬ್ರರಿ, ಓಪನ್‌ಎಂಪಿ ಬೇರೆ, ಹೆಸರಿಟ್ಟವರಿಗೆ ದೊಡ್ಡ ನಮಸ್ಕಾರ) ಪ್ರೋಸೆಸ್ ಎರಡೇ ಇದ್ದರೆ ನಾವು ಹೇಳದೆಯೇ ಒಂದೊಂದನ್ನೂ ಒಂದೊಂದು ಕೋರಿಗೆ ಕಟ್ಟಿಹಾಕುತ್ತದೆ. ನಾಲ್ಕೂ ಥ್ರೆಡ್ ಆ ಒಂದೇ ಕೋರಿನಲ್ಲಿ ಸರದಿ ಕಾಯುತ್ತವೆ. ಅಡಿಕೆ ಸುಲಿಯಲು ನಾಲ್ಕು ಆಳು ಕರೆದು ಒಂದೇ ಕತ್ತಿ ಕೊಟ್ಟ ಹಾಗೆ. ಉಳಿದ 6 ಕೋರು ಖಾಲಿ.

ಪತ್ತೆ ಸುಲಭ. ಯಾವ ಪ್ರೋಸೆಸ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಪ್ ತೆರೆಯಿರಿ. ಪ್ರೋಸೆಸ್ ಎದುರು ಶೇಕಡಾ 400ರ (ಕೋರಿಗೆ 100ರಂತೆ) ಹತ್ತಿರ ಇರಬೇಕಾದಲ್ಲಿ 100 ಕಂಡರೆ ರೋಗ ಇದೇ. ಪ್ರೋಗ್ರಾಮ್ ಓಡಿಸುವ ಎಂಪಿಐರನ್‌ಗೆ ರಿಪೋರ್ಟ್-ಬೈಂಡಿಂಗ್ಸ್ ಆಯ್ಕೆ ಕೊಟ್ಟರೆ ಯಾರು ಎಲ್ಲಿದ್ದಾರೆಂದು ಅದೇ ಬರೆದು ತೋರಿಸುತ್ತದೆ. ಅದರದ್ದೇ ಮ್ಯಾಪ್-ಬೈ ಆಯ್ಕೆಯಲ್ಲಿ ಸ್ಲಾಟ್ ಎಂದು ಬರೆದು ಪಿಇ (ಒಂದು ಪ್ರೋಸೆಸ್‌ಗೆ ಎಷ್ಟು ಕೋರು) ಸಂಖ್ಯೆ 4 ಮಾಡಿ, ಪ್ರತಿ ಪ್ರೋಸೆಸ್‌ಗೂ 4 ಕೋರು ಸಿಗುತ್ತದೆ. ಓಎಂಪಿ ಪ್ಲೇಸಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಕೋರ್ಸ್ ಎಂದು ಇಡಿ, ಥ್ರೆಡ್ಡುಗಳು ಅತ್ತಿತ್ತ ಅಲೆಯುವುದಿಲ್ಲ.

ಉಲ್ಟಾ ತೊಂದರೆಯೂ ಉಂಟು. ಬೈಂಡಿಂಗ್ ತೆಗೆದುಹಾಕಿ, ಥ್ರೆಡ್ ಸಂಖ್ಯೆ ಹೇಳದೆ 8 ಪ್ರೋಸೆಸ್ ಓಡಿಸಿದರೆ ಪ್ರತಿಯೊಂದೂ 8 ಥ್ರೆಡ್ ಹುಟ್ಟಿಸುತ್ತದೆ. 8 ಕೋರಿನ ಮೇಲೆ 64 ಥ್ರೆಡ್!

ಇನ್ನೊಂದು ಚಾಳಿ: ಎಂಪಿಐ ಶುರು ಮಾಡುವ ಎಂಪಿಐ ಇನಿಟ್ ಥ್ರೆಡ್ ಎಂಬ ಕರೆಯಲ್ಲಿ ಕಣ್ಣು ಮುಚ್ಚಿ ಮಲ್ಟಿಪಲ್ ಕೇಳುವುದು. ಅಂದರೆ ಯಾವ ಥ್ರೆಡ್ ಬೇಕಾದರೂ ಯಾವಾಗ ಬೇಕಾದರೂ ಸಂದೇಶ ಕಳಿಸಬಹುದು. ಅದಕ್ಕೆ ಲೈಬ್ರರಿ ಒಳಗೊಳಗೇ ಬೀಗ ಹಾಕಿ ತೆಗೆಯಬೇಕು, ಆ ಸಮಯ ನಿಮ್ಮ ಲೆಕ್ಕದಿಂದಲೇ ಹೋಗುತ್ತದೆ. ಮೇಲಾಗಿ ಎರಡು ಥ್ರೆಡ್ ಒಂದೇ ಕಮ್ಯುನಿಕೇಟರಿನಲ್ಲಿ (ಸಂದೇಶ ಹಂಚಿಕೊಳ್ಳುವ ಪ್ರೋಸೆಸ್‌ಗಳ ಗುಂಪು) ಒಂದೇ ಕಡೆಯಿಂದ ಒಂದೇ ಟ್ಯಾಗಿಗೆ (ಸಂದೇಶದ ಗುರುತು ಸಂಖ್ಯೆ) ಕಾಯುತ್ತಿದ್ದರೆ ಇವನ ಕಾಗದ ಅವನ ಕೈಗೆ ಹೋದೀತು. ಟ್ಯಾಗ್ ಬೇರೆ ಮಾಡಿ, ಇಲ್ಲವೇ ಕಮ್ಯುನಿಕೇಟರಿನ ಪ್ರತಿ ಮಾಡಿಕೊಳ್ಳಿ.

ನಮ್ಮ ಅಭಿಪ್ರಾಯ ಕೇಳಿದರೆ, ಕಲಿಯುವವರಿಗೆ ಮಲ್ಟಿಪಲ್ ಬದಲು ಫನಲ್ಡ್ ಕೇಳಿದರೆ ಧಾರಾಳ ಸಾಕು: ಲೆಕ್ಕ ಎಲ್ಲ ಥ್ರೆಡ್ಡುಗಳದ್ದು, ಕಾಗದ ಪತ್ರ ಮುಖ್ಯ ಥ್ರೆಡ್ಡಿನದ್ದು. ಕೇಳಿದ್ದೇ ಸಿಕ್ಕಿತು ಅಂತ ಮಾತ್ರ ನಂಬಬೇಡಿ. ಕರೆ ಮುಗಿದಾಗ ಪ್ರೊವೈಡೆಡ್‌ನಲ್ಲಿ ಬಂದ ಬೆಲೆಯನ್ನು ಹೋಲಿಸಿ ನೋಡಿ; ಕೇಳಿದ್ದಕ್ಕಿಂತ ಕಡಿಮೆ ಬಂದಿದ್ದರೆ ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸಿ.