ಓಡುತ್ತಿರುವಾಗಲೇ ಒರೆಗೆ ಹಚ್ಚುವುದು

ಕೇಳುಗರೆಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ಪ್ರೋಗ್ರಾಂ ಓಡುತ್ತಿರುವಾಗಲೇ ಅದರ ತಪ್ಪುಗಳನ್ನು ಹಿಡಿಯುವ ಬಗ್ಗೆ ಇಂದಿನ ಮಾತು.

1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕುರೂ ನೆಲೆಯಿಂದ ಏರಿಯಾನ್ 5 ರಾಕೆಟ್ ಮೊದಲ ಬಾರಿಗೆ ಮೇಲೇರಿತು. ಸುಮಾರು 40 ಸೆಕೆಂಡುಗಳಲ್ಲಿ ದಾರಿ ತಪ್ಪಿ ಆಕಾಶದಲ್ಲೇ ಚೂರುಚೂರಾಯಿತು. ದಿಕ್ಕು ಲೆಕ್ಕ ಹಾಕುವ ಪ್ರೋಗ್ರಾಂ 64 ಬಿಟ್‌ಗಳ ಸಂಖ್ಯೆಯೊಂದನ್ನು 16 ಬಿಟ್‌ಗಳ ಜಾಗಕ್ಕೆ ತುಂಬಲು ಹೋಗಿತ್ತು. ಅಲ್ಲಿ ಹಿಡಿಸುವುದು ಹೆಚ್ಚೆಂದರೆ 32,767. ಏರಿಯಾನ್ 4ಕ್ಕೆಂದು ಬರೆದ ಆ ಪ್ರೋಗ್ರಾಂ, ಹೊಸ ರಾಕೆಟ್ಟಿನ ಹೆಚ್ಚಿನ ಅಡ್ಡವೇಗವನ್ನು ಕಂಡೇ ಇರಲಿಲ್ಲ. ಇಂಥ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ಮಾತ್ರ, ಮಿತಿ ಮೀರಿದರೆ ನಿಭಾಯಿಸುವ ಕಾವಲಿತ್ತು. ಕಂಪ್ಯೂಟರಿನ ಹೊರೆ ಶೇ 80 ಮೀರಬಾರದೆಂದು ಉಳಿದ ಮೂರನ್ನು ಹಾಗೆಯೇ ಬಿಟ್ಟಿದ್ದರು.

ನನ್ನನ್ನು ಹೆಚ್ಚು ಕಾಡುವುದು ಮುಂದಿನ ಸಂಗತಿ. ದೋಷ ಆ ಕ್ಷಣದಲ್ಲೇ ಪತ್ತೆಯಾಗಿತ್ತು! ದೋಷ ಕಂಡರೆ ಕೆಲಸ ನಿಲ್ಲಿಸು ಎಂಬುದಷ್ಟೇ ದಿಕ್ಕು ಲೆಕ್ಕ ಹಾಕುವ ಘಟಕಕ್ಕಿದ್ದ ಆದೇಶ, ಅದರಂತೆ ನಿಂತಿತು. ಅದೇ ಪ್ರೋಗ್ರಾಂ ಇದ್ದ ಬದಲಿ ಘಟಕ ಅಷ್ಟರಲ್ಲಿ ಅದೇ ಕಾರಣಕ್ಕೆ ನಿಂತುಹೋಗಿತ್ತು. ಕೊನೆಗೆ ದೋಷದ ವರದಿಯನ್ನೇ ಮುಖ್ಯ ಕಂಪ್ಯೂಟರ್ ಹಾರಾಟದ ಮಾಹಿತಿಯೆಂದು ಓದಿಕೊಂಡು ರಾಕೆಟ್ಟನ್ನು ಒಮ್ಮೆಲೇ ತಿರುಗಿಸಿತು.

ಪ್ರೋಗ್ರಾಂ ಓಡುತ್ತಿರುವಾಗಲೇ ಅದರ ಸರಿ ತಪ್ಪುಗಳನ್ನು ತಾನಾಗಿ ಪರೀಕ್ಷಿಸುವ ವಿಚಾರ ಹಳೆಯದು. ಪ್ರೋಗ್ರಾಮಿನ ನಡುನಡುವೆ "ಇಲ್ಲಿ ಇದು ನಿಜವಾಗಿರಬೇಕು" ಎಂಬ ಹೇಳಿಕೆಗಳನ್ನು ಇಟ್ಟುಕೊಂಡು ಅದನ್ನು ಪರಿಶೀಲಿಸಬಹುದೆಂದು ಕಂಪ್ಯೂಟರ್ ವಿಜ್ಞಾನದ ಆದ್ಯರಲ್ಲೊಬ್ಬರಾದ ಅಲನ್ ಟ್ಯೂರಿಂಗ್ 1949ರಲ್ಲೇ ಸೂಚಿಸಿದ್ದರು. ಅಂಥ ಹೇಳಿಕೆಗಳನ್ನು ಇಂದು ಯಂತ್ರವೇ ಓಡುತ್ತ ಓಡುತ್ತ ನೋಡಿಕೊಳ್ಳುತ್ತದೆ. ಒಂದು ಹೆಜ್ಜೆ ಮುಂದೆ ಹೋದರೆ, ಘಟನೆಗಳ ಸರದಿಯನ್ನೇ ಕಾಯುವ ಕಾವಲು ಪ್ರೋಗ್ರಾಂಗಳಿವೆ. ಕಡತವನ್ನು ತೆರೆದ ಮೇಲಷ್ಟೇ ಓದಬೇಕು, ಮುಚ್ಚಿದ ಮೇಲೆ ಮುಟ್ಟಬಾರದು ಎಂಬ ನಿಯಮವನ್ನು ತೆಗೆದುಕೊಳ್ಳಿ. ಕಾವಲು ಪ್ರೋಗ್ರಾಂ 'ತೆರೆದಿದೆ', 'ಮುಚ್ಚಿದೆ' ಎಂಬ ಎರಡು ಸ್ಥಿತಿಗಳನ್ನು ನೆನಪಿಟ್ಟುಕೊಂಡರೆ ಸಾಕು. ಮುಚ್ಚಿದ ಕಡತಕ್ಕೆ ಕೈ ಹಾಕಿದೊಡನೆ ಹಿಡಿದು ತೋರಿಸುತ್ತದೆ.

ಇದಕ್ಕೂ ಮಿತಿಯಿದೆ. ಕಾವಲಿಗೆ ಕಾಣುವುದು ಈಗ ನಡೆಯುತ್ತಿರುವ ಓಟ ಮಾತ್ರ. ಪ್ರೋಗ್ರಾಂ ಎಂದೂ ತುಳಿಯದ ದಾರಿಯಲ್ಲಿ ಏನಿದೆಯೋ ಅದು ಹೇಳಲಾರದು. ವೇಗವೂ ತಗ್ಗುತ್ತದೆ. ಮೆಮೊರಿ ತಪ್ಪುಗಳನ್ನು ಹಿಡಿಯುವ ಅಡ್ರೆಸ್‌ಸ್ಯಾನಿಟೈಸರ್ ಎಂಬ ಸಾಧನವನ್ನು ಹಾಕಿದರೆ ಪ್ರೋಗ್ರಾಂ ಸಾಮಾನ್ಯವಾಗಿ ಎರಡು ಪಟ್ಟು ನಿಧಾನವಾಗುತ್ತದೆ. ವ್ಯಾಲ್‌ಗ್ರೈಂಡ್‌ನಂಥ ಸಾಧನವಾದರೆ ಇನ್ನೂ ಎಷ್ಟೋ ಪಟ್ಟು. ಇವನ್ನು ಪರೀಕ್ಷೆಯ ಹಂತಕ್ಕೆ ಮೀಸಲಿಡುವುದು ನ್ಯಾಯವೇ.

ಆದರೆ ಸಣ್ಣಪುಟ್ಟ ತಪಾಸಣೆಗಳನ್ನೂ ಬಳಕೆದಾರರ ಕೈಗೆ ಕೊಡುವಾಗ ಕಿತ್ತುಹಾಕುವ ರೂಢಿ ನನಗೆ ಒಪ್ಪಿಗೆಯಿಲ್ಲ. ಸಿ ಭಾಷೆಯಲ್ಲಿ ಎನ್‌ಡೀಬಗ್ ಎಂಬ ಒಂದು ಪದವನ್ನು ಸೇರಿಸಿದರೆ ಅಸರ್ಟ್ ಎಂಬ ಈ ತಪಾಸಣೆಯ ಹೇಳಿಕೆಗಳೆಲ್ಲ ಮಾಯವಾಗುತ್ತವೆ. ನಿಜವಾದ, ಯಾರೂ ಊಹಿಸದ ಮಾಹಿತಿ ಬರುವುದು ಆಮೇಲೆಯೇ ಅಲ್ಲವೇ? ಸಂಖ್ಯೆಯೊಂದು ಮಿತಿಯೊಳಗಿದೆಯೇ ಎಂದು ನೋಡಲು ಇಂದಿನ ಕಂಪ್ಯೂಟರಿಗೆ ಹಿಡಿಯುವ ಸಮಯ ಅತ್ಯಲ್ಪ. ಅದನ್ನು ಉಳಿಸಿಕೊಳ್ಳಿ. ಜೊತೆಗೆ ಪ್ರತಿ ತಪಾಸಣೆಯ ಪಕ್ಕದಲ್ಲಿ, ಅದು ವಿಫಲವಾದರೆ ಮುಂದೇನು ಎಂಬುದನ್ನು ಮೊದಲೇ ಬರೆದಿಡಿ: ನಿಲ್ಲಬೇಕೇ, ಹಿಂದಿನ ಸರಿಯಾದ ಸಂಖ್ಯೆಯನ್ನು ಬಳಸಬೇಕೇ, ಸರಳವಾದ ಬೇರೊಂದು ವಿಧಾನಕ್ಕೆ ಹೊರಳಬೇಕೇ? ಹಾರುತ್ತಿರುವ ಯಂತ್ರಕ್ಕೂ ಮೇಜಿನ ಮೇಲಿನ ಯಂತ್ರಕ್ಕೂ ಉತ್ತರ ಒಂದೇ ಆಗಿರುವುದಿಲ್ಲ.

ನಮಸ್ಕಾರ.