ರಾತ್ರಿ ಪಾಳಿಯವರ ಹಗಲು ನಿದ್ದೆ

ಕೇಳುಗರಿಗೆಲ್ಲ ನಮಸ್ಕಾರ. ಈಗ ಬೆಳಗಿನ 8 ಗಂಟೆ ದಾಟಿದೆ. ನಿಮ್ಮಲ್ಲಿ ಹಲವರು ತಿಂಡಿ ಮುಗಿಸಿ ಕೆಲಸಕ್ಕೆ ಹೊರಟಿದ್ದೀರಿ. ಕೆಲವರು ಈಗಷ್ಟೇ ಕೆಲಸ ಮುಗಿಸಿ ಮನೆಗೆ ಬರುತ್ತಿದ್ದೀರಿ. ಪೀಣ್ಯದ ಕಾರ್ಖಾನೆಯಿಂದ, ಆಸ್ಪತ್ರೆಯ ವಾರ್ಡಿನಿಂದ, ಇಡೀ ರಾತ್ರಿ ಓಡಿದ ಬಸ್ಸಿನಿಂದ, ಅಪಾರ್ಟ್‌ಮೆಂಟಿನ ಗೇಟಿನಿಂದ. ಇವತ್ತಿನ ಮಾತು ನಿಮಗೆ, ಮತ್ತು ಮುಖ್ಯವಾಗಿ ನಿಮ್ಮ ಮನೆಯವರಿಗೆ.

ನಾನು ಸ್ಟಾಫ್ ನರ್ಸ್ ಆಗಿದ್ದವಳು. ನೈಟ್ ಡ್ಯೂಟಿ ಅಂದರೆ ರಾತ್ರಿ 8ಕ್ಕೆ ವಾರ್ಡಿಗೆ ಹೋದರೆ ಬೆಳಗ್ಗೆ 8ಕ್ಕೆ ಹೊರಗೆ. ಹಾಗೆ ಎಷ್ಟು ರಾತ್ರಿ ಕಳೆದೆನೋ ಲೆಕ್ಕ ಇಟ್ಟಿಲ್ಲ.

ಹುಣಸೆ ಮರ ನೋಡಿದ್ದೀರಲ್ವಾ? ಕತ್ತಲಾಗುವಾಗ ಅದರ ಎಲೆ ಮಡಚಿಕೊಳ್ಳುತ್ತದೆ. ಮುಟ್ಟಿದರೆ ಮುನಿಯೂ ಹಾಗೆಯೇ. 1729ರಲ್ಲಿ ಫ್ರಾನ್ಸಿನ ಡಿ ಮೈರಾನ್ ಎಂಬ ಖಗೋಳ ವಿಜ್ಞಾನಿ ಮುಟ್ಟಿದರೆ ಮುನಿಯ ಜಾತಿಯ ಗಿಡವೊಂದನ್ನು ಕತ್ತಲಲ್ಲಿಟ್ಟು ನೋಡಿದರು. ಬಿಸಿಲೇ ಬೀಳದಿದ್ದರೂ ಹಗಲಿನ ಹೊತ್ತಿಗೆ ಎಲೆ ಬಿಚ್ಚಿಕೊಂಡವು. ಅಂದರೆ ಗಡಿಯಾರ ಗಿಡದ ಒಳಗೇ ಇದೆ. ನಮ್ಮೊಳಗೂ ಇದೆ. ಮೆದುಳಿನ ಬುಡದಲ್ಲಿ, ಎರಡು ಕಣ್ಣಿನ ನರಗಳು ಸೇರುವ ಜಾಗದ ಸ್ವಲ್ಪ ಮೇಲೆ. ಈ ಗಡಿಯಾರ ನಡೆಯುವುದು ಹೇಗೆಂದು ಹಣ್ಣಿನ ನೊಣಗಳಲ್ಲಿ ತೋರಿಸಿಕೊಟ್ಟ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲೂ, ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲಿ, ಅದೇ ನೊಣಗಳ ಗಡಿಯಾರದ ಮೇಲೆ ಕೆಲಸ ನಡೆದಿದೆ.

ಈ ಗಡಿಯಾರ ನಮ್ಮ ಡ್ಯೂಟಿ ಲಿಸ್ಟ್ ನೋಡುವುದಿಲ್ಲ. ಬೆಳಕನ್ನು ನೋಡುತ್ತದೆ. ಡ್ಯೂಟಿ ಮುಗಿಸಿ ಬರುವಾಗ ಮುಖಕ್ಕೆ ಬೀಳುವ ಬಿಸಿಲು ಅದಕ್ಕೆ ‘ಬೆಳಗಾಯಿತು’ ಅಂತ ಹೇಳಿಬಿಡುತ್ತದೆ. ಅದಕ್ಕೇ ಎಷ್ಟು ವರ್ಷ ರಾತ್ರಿ ದುಡಿದರೂ ದೇಹ ಪೂರ್ತಿ ಒಗ್ಗುವುದಿಲ್ಲ. ಬೆಳಗಿನ ಜಾವ 3ರಿಂದ 5ರ ಹೊತ್ತಿಗೆ ಮೈಯ ಬಿಸಿ ತಗ್ಗಿರುತ್ತದೆ, ಬುದ್ಧಿ ಮಂದವಾಗಿರುತ್ತದೆ. ಅದು ಯಾರ ತಪ್ಪೂ ಅಲ್ಲ.

ಒಮ್ಮೆ 4 ಗಂಟೆಗೆ ಒಂದು ಇಂಜೆಕ್ಷನ್ ತುಂಬಿಸಿಕೊಂಡು ಹೊರಟೆ. ಜೊತೆಯಲ್ಲಿದ್ದ ಸಿಸ್ಟರ್ ಟ್ರೇ ನೋಡಿದವರೇ, “ಇದು ಯಾವ ಬೆಡ್ಡಿಗೆ?” ಅಂದರು. ಔಷಧಿಯ ಪುಟ್ಟ ಗಾಜಿನ ಶೀಶೆ, ಆಂಪೂಲ್, ಎತ್ತಿ ಓದಿದೆ. ಬೇರೆಯದೇ ಔಷಧಿ. ಕೈಕಾಲು ತಣ್ಣಗಾಯಿತು. ಆ ರಾತ್ರಿಯಿಂದ ನಾವಿಬ್ಬರೂ ಒಂದು ಪದ್ಧತಿ ಮಾಡಿಕೊಂಡೆವು. 3 ಗಂಟೆ ಆದ ಮೇಲೆ ಯಾವ ಔಷಧಿ ಕೊಡಬೇಕಾದರೂ ಒಬ್ಬರು ಲೇಬಲ್ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೇಳಿಸಿಕೊಳ್ಳಬೇಕು. ಮೆಷಿನ್ ಮುಂದೆ ನಿಲ್ಲುವವರಿಗೂ ಇದನ್ನೇ ಹೇಳುತ್ತೇನೆ. ಆ ಹೊತ್ತಿನಲ್ಲಿ ನಿಮ್ಮ ತಲೆಯೊಂದನ್ನೇ ನಂಬಬೇಡಿ.

ಊಟದ ವಿಷಯ. ನಡುರಾತ್ರಿಯಲ್ಲಿ ತಿಂದ ಅನ್ನದ ಸಕ್ಕರೆಯನ್ನು ದೇಹ ಹಗಲಿನಷ್ಟು ಚೆನ್ನಾಗಿ ನಿಭಾಯಿಸುವುದಿಲ್ಲ. ಹಾಗಾಗಿ ಹೊಟ್ಟೆ ತುಂಬ ಊಟ ಮನೆಯಲ್ಲೇ ಮುಗಿಸಿ ಹೊರಡಿ. ಮುದ್ದೆ-ಸಾರು ಉಣ್ಣುವವರು ಅದನ್ನೇ ಉಣ್ಣಿ. ನಡುರಾತ್ರಿ ಹಸಿವಾದರೆ ಒಂದಿಷ್ಟು ಹುರಿಗಡಲೆ, ಬಾಳೆಹಣ್ಣು, ಮಜ್ಜಿಗೆ ಸಾಕು. 2 ಗಂಟೆಗೆ ಬಿರಿಯಾನಿ ಬೇಡ. ಕಾಫಿ, ಟೀ ಪಾಳಿಯ ಮೊದಲರ್ಧದಲ್ಲಿ ಕುಡಿಯಿರಿ. ಕುಡಿದ ಕಾಫಿಯ ಕೆಫೀನ್ ಅರ್ಧ ಇಳಿಯುವುದಕ್ಕೇ ಸುಮಾರು 5 ಗಂಟೆ ಬೇಕು. ಬೆಳಗಿನ ಜಾವ ಕುಡಿದದ್ದು ಮನೆಗೆ ಬಂದು ಮಲಗಿದಾಗ ಕಣ್ಣು ಮುಚ್ಚಲು ಬಿಡುವುದಿಲ್ಲ. ಸಕ್ಕರೆ ಕಾಯಿಲೆಯವರು ಮಾತ್ರೆ, ಇನ್ಸುಲಿನ್ ಹೊತ್ತನ್ನು ನಿಮ್ಮಷ್ಟಕ್ಕೆ ಬದಲಿಸಬೇಡಿ. ನೈಟ್ ಡ್ಯೂಟಿ ಇದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಎಷ್ಟೋ ಜನ ಹೇಳುವುದೇ ಇಲ್ಲ.

ಬೈಕಿನಲ್ಲಿ ಮನೆಗೆ ಹೋಗುವವರು ಕಣ್ಣು ಎಳೆಯುತ್ತಿದ್ದರೆ ಗಾಡಿ ಹತ್ತಲೇಬೇಡಿ. ಅಲ್ಲೇ 20 ನಿಮಿಷ ಮಲಗಿ, ಮುಖ ತೊಳೆದು, ಮಂಪರು ಬಿಟ್ಟ ಮೇಲೆ ಹೊರಡಿ.

ಈಗ ಮನೆಯವರಿಗೆ. ನಮ್ಮಲ್ಲಿ ಹಗಲು ಮಲಗುವವರು ಅಂದರೆ ಸೋಮಾರಿಗಳು ಅನ್ನುವ ಭಾವನೆ ಬಹಳ ಗಟ್ಟಿ. ಅದರಲ್ಲೂ ಹೆಂಗಸರು ಮಲಗಿದರೆ ಕೇಳಲೇಬೇಡಿ. ನಾನು ಡ್ಯೂಟಿಯಿಂದ ಬಂದವಳೇ ಅಡುಗೆ ಮಾಡಿ, ಮಗನನ್ನು ಶಾಲೆಗೆ ಕಳಿಸಿ, ಬಟ್ಟೆ ಒಗೆದು 11ಕ್ಕೆ ಮಲಗುತ್ತಿದ್ದೆ. 12ಕ್ಕೆ ಗ್ಯಾಸಿನವರು, 1ಕ್ಕೆ ಪಕ್ಕದ ಮನೆಯವರು. ನಮ್ಮ ಅತ್ತೆ “ಹೊತ್ತು ನೆತ್ತಿಗೆ ಬಂದರೂ ಮಲಗಿದ್ದಾಳೆ” ಅಂತ ಗೊಣಗುತ್ತಿದ್ದರು. ಆಮೇಲೆ ಅವರ ತಂಗಿ ನಮ್ಮ ವಾರ್ಡಿನಲ್ಲೇ ಅಡ್ಮಿಟ್ ಆದರು. ಅತ್ತೆ ಒಂದು ರಾತ್ರಿ ಜೊತೆಗಿದ್ದರು. ನಾನು ಬೆಡ್ಡಿನಿಂದ ಬೆಡ್ಡಿಗೆ ಓಡುವುದನ್ನು ಬೆಳಗಿನವರೆಗೂ ನೋಡಿದರು. ಅದರ ಬಗ್ಗೆ ನನಗೇನೂ ಹೇಳಲಿಲ್ಲ. ಆದರೆ ಮಾರನೆಯ ವಾರದಿಂದ ಕಾಲಿಂಗ್ ಬೆಲ್ಲಿನ ಸ್ವಿಚ್ ಆರಿಸಿ, ತಾವೇ ಬಾಗಿಲಲ್ಲಿ ಕೂರತೊಡಗಿದರು. ಯಾರಾದರೂ ಬಂದರೆ ಮೆಲ್ಲಗೆ, “ನಮ್ಮ ಹುಡುಗಿ ರಾತ್ರಿಯೆಲ್ಲ ನಿಂತು ಬಂದಿದ್ದಾಳೆ, ಸಂಜೆ ಬನ್ನಿ” ಅನ್ನುತ್ತಿದ್ದರು. ನನ್ನ ಆರೋಗ್ಯ ಉಳಿಸಿದ್ದು ಅದೇ ಅಂತ ಈಗಲೂ ನಂಬಿದ್ದೇನೆ.

ದೊಡ್ಡವರಿಗೆ 7 ಗಂಟೆ ನಿದ್ದೆ ಬೇಕು. ಹಗಲಲ್ಲಿ ಒಟ್ಟಿಗೆ ಅಷ್ಟು ಬರದಿದ್ದರೆ ಬೆಳಗ್ಗೆ 5, ಡ್ಯೂಟಿಗೆ ಮುಂಚೆ 2 ಗಂಟೆ ಅಂತ ಮಾಡಿಕೊಳ್ಳಿ. ಕಿಟಕಿಗೆ ದಪ್ಪ ಕಂಬಳಿ ಕಟ್ಟಿ, ಕೋಣೆ ಕತ್ತಲಾಗಲಿ. ಫೋನ್ ಬೇರೆ ಕೋಣೆಯಲ್ಲಿರಲಿ. ತುರ್ತಾದರೆ ಮನೆಯವರು ಎಬ್ಬಿಸುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರಾತ್ರಿ ಪಾಳಿಯನ್ನು 2007ರಲ್ಲೇ, ಬಹುಶಃ ಕ್ಯಾನ್ಸರಿಗೆ ಕಾರಣವಾಗಬಲ್ಲದ್ದರ ಪಟ್ಟಿಗೆ ಸೇರಿಸಿತು. 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿತು. ಹೆದರಿಸಲು ಹೇಳುತ್ತಿಲ್ಲ. ರಾತ್ರಿ ದುಡಿಯುವುದು ಸುಮ್ನೆ ಹೊತ್ತು ಬದಲಾದ ಕೆಲಸ ಅಷ್ಟೇ ಅಂದುಕೊಂಡ ಮೇಲಧಿಕಾರಿಗಳು ಇದನ್ನು ಕೇಳಬೇಕು. ಪಾಳಿ ಹಾಕುವಾಗ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅನ್ನುವ ಕ್ರಮದಲ್ಲೇ ಹಾಕಿ. ತಡವಾಗಿ ಮಲಗುವುದಕ್ಕೆ ದೇಹ ಒಗ್ಗಿದಷ್ಟು ಸುಲಭವಾಗಿ ಬೇಗ ಮಲಗುವುದಕ್ಕೆ ಒಗ್ಗುವುದಿಲ್ಲ.

ಇಷ್ಟು ಹೊತ್ತು ಕೇಳಿದಿರಿ. ಪಕ್ಕದ ಕೋಣೆಯಲ್ಲಿ ಯಾರಾದರೂ ರಾತ್ರಿ ಪಾಳಿ ಮುಗಿಸಿ ಮಲಗಿದ್ದರೆ ರೇಡಿಯೊ ಸ್ವಲ್ಪ ತಗ್ಗಿಸಿ. ನಮಸ್ಕಾರ.